ಹಾಲಮ್ಮ ಹೊಂದಿಸಿದ ಹಿತ್ತಿಲು

ಈಗ ನಾನಿರುವ ಊರಿನಲ್ಲಿ ಗೋಡೆಗಳು ಕಟ್ಟಿದ ಜಾಗದಲ್ಲೇ ನಿಲ್ಲುತ್ತವೆ. ಪಕ್ಕದ ಮನೆಯವರು ಹೋದ ಬೇಸಿಗೆಯಲ್ಲಿ ಆಳೆತ್ತರದ ಕಾಂಪೌಂಡು ಎಬ್ಬಿಸಿ ಅದರ ತಲೆಯ ಮೇಲೆ ಗಾಜಿನ ಚೂರು ನೆಡಿಸಿದರು. ಮಾರನೆಯ ಬೆಳಿಗ್ಗೆ ಎದ್ದವಳೇ ನಾನು ಕಿಟಕಿಗೆ ಓಡಿದೆ. ನಿಂತೇ ಇತ್ತು. ಇವತ್ತಿಗೂ ನಿಂತಿದೆ. ಇದನ್ನು ನೋಡಿ ಬೆರಗಾಗುವವಳು ಇಡೀ ಬೀದಿಯಲ್ಲಿ ನಾನೊಬ್ಬಳೇ ಆದ್ದರಿಂದ, ಯಾರ ಹತ್ತಿರವೂ ಬಾಯಿಬಿಡದೆ ಸುಮ್ಮನಿದ್ದೇನೆ.

ನಮ್ಮೂರಿನಲ್ಲಿ ಬೇಲಿ ಮಲಗುತ್ತಿತ್ತು. ವಾಸದ ಮನೆಯ ಗೋಡೆಗೆ, ಗುಡಿ ಮಸೀದಿಗಳ ಗೋಡೆಗೆ, ದನದ ಕೊಟ್ಟಿಗೆಗೆ ಏನೂ ಆಗುತ್ತಿರಲಿಲ್ಲ. ಆದರೆ ಇದು ನನ್ನದು, ಅದು ನಿನ್ನದು ಎಂದು ಎರಡು ಮನೆಗಳ ನಡುವೆ ಏನನ್ನೇ ಎಬ್ಬಿಸಿದರೂ ಬೆಳಗಾಗುವಷ್ಟರಲ್ಲಿ ಅದು ನೆಲಕ್ಕೆ ಒರಗಿರುತ್ತಿತ್ತು. ಬೀಳುತ್ತಿತ್ತು ಎಂದರೆ ಸರಿಯಾಗುವುದಿಲ್ಲ. ಒಂದು ಇಟ್ಟಿಗೆಯೂ ಒಡೆಯದೆ, ಒಂದು ಕಡ್ಡಿಯೂ ಮುರಿಯದೆ, ದಣಿದವರು ಚಾಪೆಯ ಮೇಲೆ ಮೈಚಾಚುವ ಹಾಗೆ ಮಲಗುತ್ತಿತ್ತು. ಒಮ್ಮೆ ಅಂಚೆ ಕಚೇರಿಗೂ ಪಕ್ಕದ ಮನೆಗೂ ನಡುವೆ ಗೋಡೆ ಕಟ್ಟಿಸಲು ಹೊರಗಿನಿಂದ ಒಬ್ಬ ಇಂಜಿನಿಯರು ಬಂದಿದ್ದ. ಮೂರು ಸಲ ಕಟ್ಟಿಸಿದ, ಮೂರು ಸಲವೂ ಮಲಗಿತು. ಕೊನೆಗೆ ಅವನು ಮಲಗಿದ ಗೋಡೆಯ ಮೇಲೆಯೇ ಕುಳಿತು ನಮ್ಮವರು ಕೊಟ್ಟ ಮಂಡಕ್ಕಿ ತಿಂದು, ಕೈ ಒರೆಸಿಕೊಂಡು ಬಸ್ಸು ಹತ್ತಿದ. ನಾವು ಇದಕ್ಕೆ ಕಾರಣ ಹುಡುಕುವ ಗೋಜಿಗೆ ಹೋದವರಲ್ಲ. ಹುಣಸೆ ಹುಳಿಯಾಗಿರುವುದಕ್ಕೆ ಯಾರು ಕಾರಣ ಕೇಳುತ್ತಾರೆ?

ಬೇಲಿಯಿಲ್ಲದ ಮೇಲೆ ಜನ ಅಣ್ಣತಮ್ಮಂದಿರ ಹಾಗೆ ಇದ್ದಿರಬೇಕು ಎಂದು ನೀವು ಅಂದುಕೊಂಡರೆ ನನಗೆ ನಗು ಬರುತ್ತದೆ. ನಮ್ಮೂರಿನವರು ಎಲ್ಲ ಊರಿನವರಷ್ಟೇ ಜಗಳಗಂಟರು. ಒಬ್ಬರಿಗೆ ಬೆಳಗಿನ ಮಾತು ಆಗದು, ಇನ್ನೊಬ್ಬರಿಗೆ ಮಾತಿಲ್ಲದೆ ಬೆಳಗೇ ಆಗದು. ಒಬ್ಬರಿಗೆ ನೆರಳು ಬೇಕು, ಒಬ್ಬರಿಗೆ ಬಿಸಿಲು ಬೇಕು. ಇವರನ್ನೆಲ್ಲ ಒಂದೇ ಹಿತ್ತಿಲಿನಲ್ಲಿ ಒಬ್ಬರ ತಲೆ ಒಬ್ಬರು ಒಡೆಯದ ಹಾಗೆ ಇಡಬೇಕಾದರೆ ಅದಕ್ಕೊಂದು ಕೈಗುಣ ಬೇಕಾಗಿತ್ತು. ಆ ಕೈಗುಣ ಇದ್ದವಳು ನನ್ನ ಚಿಕ್ಕಮ್ಮ, ನಮ್ಮಮ್ಮನ ತಂಗಿ ಹಾಲಮ್ಮ. ಹಿತ್ತಿಲು ಹೊಂದಿಸುವುದು ಅವಳ ಕಸುಬು.

ಮದುವೆಯ ಉಸಾಬರಿ ಬೇಡವೆಂದು ತವರುಮನೆಯಲ್ಲೇ ಉಳಿದಿದ್ದ ಚಿಕ್ಕಮ್ಮನ ಜೊತೆಗೆ, ಊರಿನ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ನಾನೂ ಬಂದು ಸೇರಿದ್ದೆ. ಅವಳು ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು. ಯಾರಾದರೂ ಕರೆದರೆ ಗುದ್ದಲಿ ಹಿಡಿದುಕೊಂಡು ಹೋಗುತ್ತಿರಲಿಲ್ಲ. ಬರಿಗೈಯಲ್ಲಿ ಹೋಗಿ ಒಂದೊಂದು ಮನೆಯ ಹಿತ್ತಲ ಮೆಟ್ಟಿಲ ಮೇಲೂ ಒಂದೊಂದು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತಿರುತ್ತಿದ್ದಳು. "ಯಾವ ಗಿಡ ಬೇಕು ಅಂತ ನಾನು ಕೇಳಲ್ಲ. ಏನು ಕಂಡ್ರೆ ಮೈ ಉರಿಯುತ್ತೆ, ಅದನ್ನ ಹೇಳಿ," ಎನ್ನುತ್ತಿದ್ದಳು. ಗಿಡದ ವಿಷಯಕ್ಕೆ ಎರಡೇ ಮಾತು ಆಡುವವರು ಮೈ ಉರಿಯುವ ವಿಷಯ ಬಂದರೆ ಮಧ್ಯಾಹ್ನದ ಊಟ ಮರೆತು ಹೇಳುತ್ತಿದ್ದರು.

ಜನರದು ಮುಗಿದ ಮೇಲೆ ಉಳಿದವರ ಸರದಿ. ಸಂಜೆಗೆ ಹಿತ್ತಿಲ ನೆಲಕ್ಕೆಲ್ಲ ಒಲೆಯ ಬೂದಿಯನ್ನು ಜರಡಿ ಹಿಡಿದು, ಬೆಳಿಗ್ಗೆ ಬಗ್ಗಿಕೊಂಡು ಹೆಜ್ಜೆ ನೋಡುತ್ತಿದ್ದಳು. ಇಲ್ಲಿ ಮುಂಗುಸಿ ಹಾದಿದೆ, ಇಲ್ಲಿ ಕಪ್ಪೆ ಕುಪ್ಪಳಿಸಿದೆ, ಇಲ್ಲಿ ಕೇರೆಹಾವು ಎಳೆದುಕೊಂಡು ಹೋಗಿದೆ. "ಅವ್ರೂ ಮನೆಯೋರೇ. ನಮ್ಮ ಹಾಗೆ ಬಾಯಿ ಮಾಡಲ್ಲ ಅಷ್ಟೆ," ಎನ್ನುತ್ತಿದ್ದಳು. ಮುಂಗುಸಿಯ ಹಾದಿಗೆ ಅಡ್ಡವಾಗಿ ಅವಳು ಒಂದು ತುಳಸಿ ಗಿಡವನ್ನೂ ನೆಡಗೊಡುತ್ತಿರಲಿಲ್ಲ.

ನಮ್ಮದೇ ಹಿತ್ತಿಲನ್ನು ತೆಗೆದುಕೊಳ್ಳಿ. ನಡುವೆ ಬಾವಿ, ಸುತ್ತ ನಾಲ್ಕು ಮನೆ. ಒಂದು ನಮ್ಮದು. ಬಲಗಡೆ ಓಂಕಾರಪ್ಪನವರದು, ಎಂದೋ ಮುಚ್ಚಿದ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು, ಬೆಳಿಗ್ಗೆ ಪೆಟ್ಟಿಗೆ ಮುಟ್ಟುವವರೆಗೆ ಹೆಂಡತಿಯ ಜೊತೆಗೂ ಮಾತಾಡದವರು. ಎಡಗಡೆ ಜುಲೇಖಾಬಿಯವರದು, ಶಾವಿಗೆ ಹೊಸೆದು ಒಣಗಿಸಿ ಮಾರುವವರು, ನಿದ್ದೆಯಲ್ಲೂ ಮಾತು ನಿಲ್ಲಿಸದವರು. ಚಿಕ್ಕಮ್ಮ ಜುಲೇಖಾಬಿಗೆ ಬಾವಿಯ ಪಕ್ಕದ ಬಯಲನ್ನು ಬಿಸಿಲಿಗೆಂದು ಬಿಟ್ಟಳು. ಓಂಕಾರಪ್ಪನವರ ಜಗಲಿಯ ಬಳಿ, ಗಾಳಿಗೆ ಸದಾ ಸದ್ದು ಮಾಡುವ ಬಾಳೆ ಹಾಕಿದಳು. ಜುಲೇಖಾಬಿ ಬಾವಿಗೆ ಬರುವ ಹಾದಿಯನ್ನು ಬಾಳೆಯ ಆಚೆಗೆ ಬಳಸಿ ತಂದಳು. ಆ ಹಾದಿಯುದ್ದಕ್ಕೂ ದಾಸವಾಳ ಇಟ್ಟಿದ್ದರಿಂದ ಜುಲೇಖಾಬಿ ಅಲ್ಲಿ ಹೂವಿನ ರಸ ಹೀರಲು ಬರುವ ಸೂರಕ್ಕಿಗಳ ಜೊತೆ ಮಾತಾಡಿ ಮುಗಿಸುವಷ್ಟರಲ್ಲಿ ಓಂಕಾರಪ್ಪನವರ ಸಾಧನೆಯೂ ಮುಗಿದು ಅವರು ಮನುಷ್ಯರಾಗಿರುತ್ತಿದ್ದರು. ಒಡೆದ ಕಲ್ಲುಬಾನಿಯಲ್ಲಿ ನೀರಿಟ್ಟು, ಜೇನು, ಅಳಿಲು ಮುಳುಗಿ ಸಾಯದಿರಲೆಂದು ಓರೆಯಾಗಿ ಒಂದು ಕಲ್ಲು ಇಳಿಬಿಟ್ಟಿದ್ದಳು. ಮೂಲೆಯ ಸೌದೆ ರಾಶಿ ಹಾವುರಾಣಿಗಳಿಗೆ, ಬಾಯಿಮುರಿದ ಗಡಿಗೆ ಕಪ್ಪೆಗೆ. ಎಲ್ಲರಿಗೂ ಒಂದು ಜಾಗ, ಯಾರಿಗೂ ಬೇಲಿಯಿಲ್ಲ. "ಯಾವ ಗಿಡಕ್ಕೂ ಬೇಲಿ ಕೆಲ್ಸ ಹೇಳ್ಬಾರ್ದು. ಹೇಳಿದ್ರೆ ಮಲಗುತ್ತೆ," ಎನ್ನುವುದು ಅವಳ ಪಾಠ. ಸಾಲಾಗಿ ನೆಟ್ಟ ಗೋರಂಟಿಯಾದರೂ ಸರಿ, ಮರೆಗೆಂದು ನೆಟ್ಟರೆ ಬೆಳಗಾಗುವಷ್ಟರಲ್ಲಿ ಒರಗುತ್ತಿತ್ತು. ಗೋರಂಟಿಗೆಂದೇ ನೆಟ್ಟದ್ದು ನಿಲ್ಲುತ್ತಿತ್ತು.

ನಾಲ್ಕನೆಯ ಮನೆ ನಮ್ಮ ಎದುರಿನದು, ಬೀಗ ಹಾಕಿ ಬಹಳ ವರ್ಷವಾಗಿತ್ತು. ನಮ್ಮ ಮೆಟ್ಟಿಲಿಂದ ಆ ಮನೆಯ ಮೆಟ್ಟಿಲವರೆಗೆ ಚಿಕ್ಕಮ್ಮ ಏನನ್ನೂ ನೆಟ್ಟಿರಲಿಲ್ಲ. ಅಷ್ಟು ಉದ್ದದ ನೆಲವನ್ನು ಅವಳು ಅಂಗಳ ಗುಡಿಸಿದ ಹಾಗೆ ಬೋಳಾಗಿ ಇಟ್ಟುಕೊಂಡಿದ್ದಳು. ಒಂದು ತುಂಬೆ ಗಿಡ ತಲೆಯೆತ್ತಿದರೂ ಬಗ್ಗಿ ಕಿತ್ತುಬಿಡುತ್ತಿದ್ದಳು. ಅದು ಆ ಮನೆಯ ಸರ್ವಮಂಗಳಮ್ಮನವರಿಗಾಗಿ ಕಾದಿಟ್ಟ ಜಾಗ ಎಂದು ಅಮ್ಮ ನನಗೆ ಹೇಳಿದ್ದಳು. ಹುಡುಗಿಯರಾಗಿದ್ದಾಗ ಇವರಿಬ್ಬರೂ ಎದುರುಬದುರು ಮೆಟ್ಟಿಲ ಮೇಲೆ ಕುಳಿತು, ದೊಡ್ಡವರ ಕಿವಿಗೆ ಬೀಳದ ಹಾಗೆ ಕಣ್ಣು ಕೈಗಳಲ್ಲೇ ಊರಿನವರನ್ನೆಲ್ಲ ಅಣಕಿಸಿ ನಗುತ್ತಿದ್ದರಂತೆ. ಸರ್ವಮಂಗಳಮ್ಮನ ನಗು ಕೆರೆಯ ಏರಿಯವರೆಗೂ ಕೇಳಿಸುತ್ತಿತ್ತಂತೆ. ಆಮೇಲೆ ಮದುವೆಯಾಗಿ ಗೋಡೆ ನಿಲ್ಲುವ ಯಾವುದೋ ದೂರದ ಊರಿಗೆ ಹೋದರು. ವರ್ಷಗಳು ಉರುಳಿದವು. ಚಿಕ್ಕಮ್ಮ ಆ ಜಾಗದ ಕಳೆ ಕೀಳುವುದನ್ನು ಬಿಡಲಿಲ್ಲ.

ಮುಂಗಾರು ಶುರುವಾದ ವಾರದಲ್ಲೇ ಸರ್ವಮಂಗಳಮ್ಮ ವಾಪಸು ಬಂದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಚಿಕ್ಕಮ್ಮ ಬಸ್‌ಸ್ಟ್ಯಾಂಡಿನಲ್ಲೇ ಅವರನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಹೊರಗಿನಿಂದ ಬಂದವರು ಒಂದು ಮಳೆಗಾಲ ಇದ್ದು ನೋಡುವುದು ನಮ್ಮೂರಿನ ರೂಢಿ. ಬೇಲಿಯಿಲ್ಲದೆ ಬದುಕುವುದು ಎಲ್ಲರಿಗೂ ಒಗ್ಗುವುದಿಲ್ಲ. ಮಳೆಗಾಲ ಕಳೆದ ಮೇಲೆ ಹಿತ್ತಿಲು ಹೊಂದಿಸಿದವರೇ ಹೋಗಿ, "ಇರ್ತೀರೋ, ಹೊರಡ್ತೀರೋ?" ಎಂದು ಕೇಳಬೇಕು. ಎಷ್ಟೋ ಜನ ಹೊರಟಿದ್ದುಂಟು, ಅದರಲ್ಲಿ ಅವಮಾನವೇನೂ ಇರಲಿಲ್ಲ. ಆದರೆ ಸರ್ವಮಂಗಳಮ್ಮ ಹೊರಡುವ ಮಾತು ಚಿಕ್ಕಮ್ಮನ ಮನಸ್ಸಿಗೇ ಬರಲಿಲ್ಲ. ಮರುದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೆಲಸಕ್ಕೆ ಇಳಿದಳು. ಆ ಮನೆಯ ಹಿಂದೆ ಅಡ್ಡಾದಿಡ್ಡಿ ಬೆಳೆದಿದ್ದ ನುಗ್ಗೆ, ಕಾಗದದ ಹೂವಿನ ಮುಳ್ಳುಕೊಂಬೆ ಎಲ್ಲ ಸವರಿ ಬಟಾಬಯಲು ಮಾಡಿದಳು. ಮೆಟ್ಟಿಲ ಎರಡು ಬದಿಗೂ ದುಂಡುಮಲ್ಲಿಗೆ ಇಟ್ಟಳು. ನಾಲ್ಕು ಮನೆಯವರಿಗೂ ಕಾಣುವ ಕಡೆ ಒಂದು ಕಲ್ಲುಬೆಂಚು ಹಾಕಿಸಿದಳು, ಅವರು ಕುಳಿತು ಎಲ್ಲರ ಜೊತೆ ಹರಟಲಿ ಎಂದು.

"ಅವರ ಮೆಟ್ಟಿಲ ಮೇಲೆ ಒಂದು ದಿನ ಕೂರಲಿಲ್ವಲ್ಲ ಚಿಕ್ಕಮ್ಮ? ಏನು ಕಂಡ್ರೆ ಆಗಲ್ಲ ಅಂತ ಕೇಳಲಿಲ್ವಲ್ಲ?" ಎಂದೆ ನಾನು.

"ಸರ್ವಿನ ಕೇಳ್ಬೇಕಾ? ನಂಗೊತ್ತಿಲ್ವೇನೇ ಅವಳ ಸ್ವಭಾವ!" ಎಂದಳು.

ಊರಿನವರನ್ನೆಲ್ಲ ಕೇಳಿ ಕೇಳಿ ಹಿತ್ತಿಲು ಮಾಡಿದವಳು ತನ್ನ ಪ್ರಾಣಸ್ನೇಹಿತೆಯನ್ನು ಕೇಳಲಿಲ್ಲ. ಯಾವಾಗಲೋ ಕಂಡ ಒಬ್ಬ ಹುಡುಗಿಗೆ ಹಿತ್ತಿಲು ಹೊಂದಿಸಿ, ಅದನ್ನು ಈಗ ಬಂದ ಹೆಂಗಸಿಗೆ ಕೊಟ್ಟಳು.

ಸರ್ವಮಂಗಳಮ್ಮ ಬೆಂಚಿನ ಮೇಲೆ ಕುಳಿತುಕೊಳ್ಳಲೇ ಇಲ್ಲ. ಹಿತ್ತಲ ಬಾಗಿಲು ತೆಗೆಯುತ್ತಿದ್ದುದು ನೀರು ಸೇದಲು ಮಾತ್ರ, ಅದೂ ಬೇರೆ ಯಾರೂ ಬಾವಿಯ ಹತ್ತಿರ ಇಲ್ಲದಾಗ. ಚಿಕ್ಕಮ್ಮ ನಮ್ಮ ಮೆಟ್ಟಿಲ ಮೇಲೆ ಕುಳಿತು ಎದುರಿನ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಬಾಗಿಲು ತೆರೆದರೆ ಕೈಯೆತ್ತುವಳು. ಅವರು ತುಸು ನಕ್ಕ ಹಾಗೆ ಮಾಡಿ, ಕೊಡ ತುಂಬಿದ್ದೇ ತಡ ಒಳಗೆ ಹೋಗುವರು. "ದಣಿದು ಬಂದಿದಾಳೆ, ಸರಿಹೋಗ್ತಾಳೆ," ಎನ್ನುತ್ತಿದ್ದಳು ಚಿಕ್ಕಮ್ಮ. ಒಂದು ಸಂಜೆ ಅವರು ಮೆಟ್ಟಿಲ ಮುಂದೆ ಎರಡು ಗಳ ನೆಟ್ಟು ಹಳೆಯ ಸೀರೆ ಇಳಿಬಿಟ್ಟರು. ಬೆಳಿಗ್ಗೆ ಗಳಗಳು ಪಕ್ಕಪಕ್ಕದಲ್ಲಿ ಮಲಗಿದ್ದವು, ಸೀರೆ ಅಂಗಡಿಯಿಂದ ತಂದ ಹಾಗೆ ಮಡಿಸಿಕೊಂಡು ಪಕ್ಕದಲ್ಲಿತ್ತು. ಮಾರನೆಯ ದಿನ ತಗಡು ನಿಲ್ಲಿಸಿದರು. ಅದೂ ಮಲಗಿತು. ಓಂಕಾರಪ್ಪ ಮೀಸೆಯಡಿ ನಕ್ಕರು. ಜುಲೇಖಾಬಿ ಮಾತ್ರ, "ಪಾಪ, ಏನೋ ಕಷ್ಟ ಐತೆ ಆಯಮ್ಮಂಗೆ. ನೀ ಹೋಗಿ ಮಾತಾಡ್ಸು ಹಾಲಕ್ಕ," ಎಂದರು.

ಚಿಕ್ಕಮ್ಮ ನನ್ನನ್ನೂ ಕರೆದುಕೊಂಡು ಹೋದಳು. ಸರ್ವಮಂಗಳಮ್ಮ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಊಟ ಮಾಡುತ್ತಿದ್ದರು. ನಮ್ಮನ್ನು ಕಂಡವರೇ ತಟ್ಟೆಯ ಮೇಲೆ ಸೆರಗು ಎಳೆದುಕೊಂಡರು.

"ಮಳೆಗಾಲ ಮುಗಿದ ಮೇಲೆ ನಾನು ಹೋಗ್ತೀನಿ ಹಾಲಿ," ಎಂದರು. "ಅಲ್ಲೇ ಪೇಟೆಯಲ್ಲಿ ಮಹಡಿ ಮೇಲೆ ಒಂದು ಕೋಣೆ ನೋಡಿದೀನಿ. ಕಿಟಕಿಯೂ ಚಿಕ್ಕದು."

"ಯಾಕೆ? ಏನು ಕಮ್ಮಿಯಾಯ್ತು ಇಲ್ಲಿ?"

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ಗಂಡನ ಮನೆಗೆ ಕೋಟೆ ಹಾಗೆ ಕಾಂಪೌಂಡು ಇತ್ತು ಕಣೆ. ಒಳಗೆಲ್ಲ ಕಣ್ಣು. ತಟ್ಟೆಗೆ ಏನು ಬಿತ್ತು ಅಂತ ಅತ್ತೆ ನೋಡೋರು, ಎಷ್ಟೊತ್ತು ಕೂತೆ ಅಂತ ವಾರಗಿತ್ತಿ ನೋಡೋಳು. ನಕ್ಕರೆ ಯಾಕೆ ನಕ್ಕೆ ಅನ್ನೋರು. ನಾನು ಬಚ್ಚಲಲ್ಲಿ ನಿಂತ್ಕೊಂಡು ಕಾಫಿ ಕುಡಿದಿದೀನಿ ಹಾಲಿ. ನಂಗೆ ಇನ್ನೇನೂ ಬೇಡ. ಹೊರಗೆ ಕೂತು, ಯಾರೂ ನೋಡದ ಹಾಗೆ, ಒಂದು ಲೋಟ ಕಾಫಿ ಕುಡೀಬೇಕು. ಇಲ್ಲಿ ಬಾಗಿಲು ತೆಗೆದ್ರೆ ಸಾಕು, ಎದುರಿಗೆ ಕಣ್ಣು."

"ಎದುರಿಗೆ ಇರೋದು ನಾನಲ್ವೇನೇ?"

"ನಿನ್ನ ಕಣ್ಣೇ ಹೇಳ್ತಿರೋದು."

ಚಿಕ್ಕಮ್ಮನ ಮುಖ ಸಪ್ಪಗಾಯಿತು. ಅವತ್ತಿನಿಂದ ಅವಳು ನಮ್ಮ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟಳು. ಒಳಗೆ ಕುಳಿತು ಸೊಪ್ಪು ಬಿಡಿಸುವಳು, ಮತ್ತೆ ಮತ್ತೆ ಬಾಗಿಲ ಕಡೆ ನೋಡಿ ತಲೆ ತಗ್ಗಿಸುವಳು. ನನಗೆ ಅವಳನ್ನು ನೋಡಿ ಸಂಕಟವಾಗುತ್ತಿತ್ತು.

ಹೇಗಾದರೂ ಮಾಡಿ ಸರ್ವಿಯನ್ನು ಉಳಿಸಿಕೊಳ್ಳಬೇಕು ಎನ್ನುವುದೊಂದೇ ಅವಳ ತಲೆಯಲ್ಲಿತ್ತು. ಎದುರಿನ ಮೆಟ್ಟಿಲ ಮುಂದೆ ಗೋರಂಟಿಯ ಎಳೆ ಗಿಡಗಳನ್ನು ತಂದು ಒತ್ತಾಗಿ ನೆಟ್ಟಳು. "ಚಿಟ್ಟೆಗಳಿಗೆ," ಎಂದಳು, ಯಾರೂ ಕೇಳದಿದ್ದರೂ. ಬೆಳಿಗ್ಗೆ ಗೋರಂಟಿ ಸಾಲು ಸಾಲಾಗಿ ಮಲಗಿತ್ತು. ಕಿತ್ತು ಬೇರೆ ಕಡೆ ನೆಟ್ಟು, ಅಲ್ಲಿ ದಾಸವಾಳ ಇಟ್ಟಳು. "ಸೂರಕ್ಕಿಗೆ," ಎಂದಳು. ಅದೂ ಮಲಗಿತು. ಚಿಕ್ಕಮ್ಮ ನೆಟ್ಟದ್ದು ಮಲಗಿತು ಎನ್ನುವ ಸುದ್ದಿ ಊರಿಗೆಲ್ಲ ಹಬ್ಬಿತು. ಜನ ಬೇಕೆಂದೇ ನಮ್ಮ ಮನೆಯ ಮುಂದೆ ಹಾದು ಹೋಗಿ, "ಏನು ಹಾಲಮ್ಮೋರೆ, ಹುಷಾರಾಗಿದೀರಾ?" ಎಂದು ಕೇಳುವಷ್ಟು.

"ಸೂರಕ್ಕಿಗೆ ಅಂತ ಬಾಯಲ್ಲಿ ಹೇಳಿದ್ರೆ ಆಯ್ತಾ ಚಿಕ್ಕಮ್ಮ? ದಾಸವಾಳಕ್ಕೆ ಕಿವಿಯಿಲ್ಲ ಅಂದ್ಕೊಂಡ್ಯಾ?" ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ.

"ಮನಸ್ಸಲ್ಲಿ ಅವಳೇ ಇದಾಳೆ ವಿಶಾಲಿ. ಏನು ಮಾಡ್ಲಿ? ಅವಳನ್ನ ತೆಗೆದು ಎಲ್ಲಿಡ್ಲಿ?" ಎಂದಳು.

ಕೆಂಬೂತ ಬಂದದ್ದು ಇದಾದ ಮೇಲೆ. ಸರ್ವಮಂಗಳಮ್ಮನ ಹಿತ್ತಿಲು ಬಯಲು ಮಾಡಿದಾಗ ಸವರಿದ ಕಾಗದದ ಹೂವಿನ ಕೊಂಬೆಗಳನ್ನು ಕೂಲಿಯಾಳು ಎರಡು ಮೆಟ್ಟಿಲುಗಳ ನಡುವಿನ ಆ ಬೋಳು ಜಾಗದಲ್ಲೇ ರಾಶಿ ಹಾಕಿ ಹೋಗಿದ್ದ. ಸೊಂಟದೆತ್ತರದ ಮುಳ್ಳಿನ ರಾಶಿ. ನಾಳೆ ತೆಗೆಸುತ್ತೇನೆ, ನಾಡಿದ್ದು ತೆಗೆಸುತ್ತೇನೆ ಎನ್ನುವಷ್ಟರಲ್ಲಿ ಮಳೆ ಹಿಡಿದುಕೊಂಡಿತ್ತು, ಆಮೇಲೆ ಗೋರಂಟಿಯ ಗಲಾಟೆಯಲ್ಲಿ ಮರೆತೇ ಹೋಗಿತ್ತು. ರಾಶಿಯ ಬುಡದಲ್ಲಿ ತೊಂಡೆ ಬಳ್ಳಿಯೊಂದು ತಾನಾಗಿ ಹುಟ್ಟಿ ಮೇಲೆ ಹತ್ತಲು ನೋಡುತ್ತಿತ್ತು. ಮಳೆ ಬಿಟ್ಟ ಒಂದು ಬೆಳಿಗ್ಗೆ ಚಿಕ್ಕಮ್ಮ ಕೈಗೆ ಬಟ್ಟೆ ಸುತ್ತಿಕೊಂಡು, ಕುಡುಗೋಲು ಹಿಡಿದು ಅದನ್ನು ತೆಗೆಯಲು ಹೋದಳು. ನಾನು ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತಿದ್ದೆ. ಅವಳು ಬಗ್ಗಿದವಳು ಹಾಗೇ ನಿಂತುಬಿಟ್ಟಳು.

ಬಾವಿಯ ಕಡೆಯಿಂದ ಒಂದು ಕೆಂಬೂತ ನಡೆದುಕೊಂಡು ಬರುತ್ತಿತ್ತು. ಕರಿ ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂತಹ ಕಣ್ಣು. ಕೊಕ್ಕಿನಲ್ಲಿ ತನ್ನ ಮೈಯಷ್ಟೇ ಉದ್ದದ ಒಂದು ಬಾಳೆ ಎಲೆಯ ಸೀಳು. ಅದು ಚಿಕ್ಕಮ್ಮನನ್ನು ಲೆಕ್ಕಕ್ಕೇ ಇಡದೆ ರಾಶಿಯ ಸುತ್ತ ಒಂದು ಸುತ್ತು ಬಂದು, ಒಳಗೆ ನುಗ್ಗಿ, ಬರಿಯ ಕೊಕ್ಕಿನಲ್ಲಿ ಹೊರಗೆ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಓಂಕಾರಪ್ಪನವರ ತೆಂಗಿನ ಮೇಲೆ ಎರಡು ಕಾಗೆ ಕುಳಿತು ಇದನ್ನೆಲ್ಲ ನೋಡುತ್ತಿದ್ದವು.

"ಅಯ್ಯೋ ಪೆದ್ದಿ," ಎಂದಳು ಚಿಕ್ಕಮ್ಮ, ಹಕ್ಕಿಗೆ. "ಇಷ್ಟು ತೆಳ್ಳಗಿರೋ ಕಡೆ ಯಾರಾದ್ರೂ ಗೂಡು ಕಟ್ತಾರೇನೇ? ಮೇಲಿಂದ ಎಲ್ಲಾ ಕಾಣುತ್ತೆ."

ಕುಡುಗೋಲು ಕೆಳಗಿಟ್ಟಳು. ತೊಂಡೆ ಬಳ್ಳಿಯ ಎಳೆ ಕುಡಿಗಳನ್ನು ಒಂದೊಂದಾಗಿ ಎತ್ತಿ ಮುಳ್ಳಿನ ಮೇಲೆ ಹಬ್ಬಿಸಿದಳು. ಕಾಗೆಗೆ ಕಾಣುವ ಕಡೆ ನಾಲ್ಕು ನುಗ್ಗೆಕೊಂಬೆ ಹೊದಿಸಿದಳು. ಸೌದೆ ರಾಶಿಯಿಂದ ಹಕ್ಕಿ ನಡೆದು ಬರಲು ಮರೆಯಾಗಿರಲೆಂದು ಹುಲ್ಲು ಬೆಳೆಯಲು ಬಿಟ್ಟಳು. ಅವತ್ತು ನನಗೆ ಬುತ್ತಿ ಕಟ್ಟುವುದನ್ನೂ ಮರೆತಿದ್ದಳು. ಮಂಡಿಗೆ ಕೆಸರು, ಕೈಗೆಲ್ಲ ಮುಳ್ಳು ಗೀರಿದ ರಕ್ತ, ಮುಖದಲ್ಲಿ ಎಷ್ಟೋ ದಿನದಿಂದ ಕಾಣದಿದ್ದ ಕಳೆ. ಓಂಕಾರಪ್ಪ ತಮ್ಮ ಜಗಲಿಯಿಂದ, "ನಾಳೆ ಇದೂ ಮಲಗುತ್ತೆ ನೋಡ್ತಿರಿ," ಎಂದರು.

ಮಲಗಲಿಲ್ಲ. ಬೆಳಿಗ್ಗೆ ನಾವೆಲ್ಲ ನಮ್ಮ ನಮ್ಮ ಬಾಗಿಲಲ್ಲಿ ನಿಂತು ನೋಡಿದೆವು. ಮುಳ್ಳಿನ ರಾಶಿ ಅಲುಗದೆ ನಿಂತಿತ್ತು. ಒಳಗಿಂದ ಎಲೆ ಸರಿಯುವ ಸದ್ದು ಬರುತ್ತಿತ್ತು.

"ಸರ್ವಿ ನೆನಪೇ ಆಗ್ಲಿಲ್ಲ ಕಣೆ," ಎಂದಳು ಚಿಕ್ಕಮ್ಮ ನನ್ನ ಹತ್ತಿರ, ತಪ್ಪು ಮಾಡಿದವಳ ಹಾಗೆ.

ಆ ಸಲದ ಮಳೆ ಎಂಥ ಮಳೆ! ತೊಂಡೆ ಬಳ್ಳಿಗೆ ಹುಚ್ಚು ಹಿಡಿದಂತಾಯಿತು. ಕತ್ತರಿಸಿದ ನುಗ್ಗೆಕೊಂಬೆಗಳೂ ಚಿಗುರಿದವು. ಮಗ್ಗುಲಲ್ಲಿ ಹಾಗಲ ಹುಟ್ಟಿ ಅದರ ಜೊತೆ ಸೇರಿತು. ಸೊಂಟದೆತ್ತರದ್ದು ಆಳೆತ್ತರವಾಯಿತು, ನಮ್ಮ ಮೆಟ್ಟಿಲ ಮೇಲೆ ಕುಳಿತರೆ ಎದುರಿನ ಮೆಟ್ಟಿಲು ಇರಲಿ, ಎದುರಿನ ಮನೆಯ ಬಾಗಿಲೇ ಕಾಣುತ್ತಿರಲಿಲ್ಲ. ತನ್ನ ಆಯಸ್ಸೆಲ್ಲ ಕಳೆ ಕಿತ್ತು ಕಾದಿಟ್ಟ ನೋಟವನ್ನು ಚಿಕ್ಕಮ್ಮ ತನ್ನ ಕೈಯಾರೆ ಮುಚ್ಚಿಬಿಟ್ಟಿದ್ದಳು. ಜುಲೇಖಾಬಿ ಆ ಕಡೆ ಮಾತು ತಗ್ಗಿಸಿದರು. ಅವರ ಬದುಕಿನಲ್ಲೇ ಅದು ದೊಡ್ಡ ತ್ಯಾಗ. ಓಂಕಾರಪ್ಪ ಹಾರ್ಮೋನಿಯಂ ಪೆಟ್ಟಿಗೆಯನ್ನು ಬೀದಿ ಜಗಲಿಗೆ ಎತ್ತಿಕೊಂಡು ಹೋದರು. ಹಕ್ಕಿ ಮಾತ್ರ ಬೆಳಿಗ್ಗೆ ಪೊದೆಯೊಳಗಿಂದ ಊಪ್, ಊಪ್, ಊಪ್ ಎಂದು ದಪ್ಪ ದನಿಯಲ್ಲಿ ಎಲ್ಲರನ್ನೂ ಗದರಿಸುತ್ತಿತ್ತು.

ಒಂದು ಬೆಳಿಗ್ಗೆ ಪೊದೆಯ ಆಚೆ ಲೋಟ ಕಲ್ಲಿನ ಮೇಲೆ ಇಟ್ಟ ಸದ್ದಾಯಿತು. ಚಿಕ್ಕಮ್ಮ ನನ್ನ ಕೈ ಹಿಡಿದು ಅದುಮಿದಳು. ಆಚೆ ಯಾರೋ ಕಾಫಿ ಊದಿ ಊದಿ ಕುಡಿಯುತ್ತಿದ್ದರು. ನಾವು ಉಸಿರು ಬಿಗಿಹಿಡಿದು ಕೇಳಿದೆವು. ಕೇಳುವುದು ಸರಿಯಲ್ಲ ಎನಿಸಿ ಚಿಕ್ಕಮ್ಮ ನನ್ನನ್ನು ಒಳಗೆ ಎಳೆದುಕೊಂಡು ಹೋದಳು.

ಮಾತು ಶುರುವಾದದ್ದು ಹಕ್ಕಿಯಿಂದ. ಗೂಡಿನ ಬಾಯಿ ಸರ್ವಮಂಗಳಮ್ಮನ ಕಡೆಗಿತ್ತು, ಹಕ್ಕಿಯ ಹಾದಿ ನಮ್ಮ ಕಡೆಗಿತ್ತು. "ಹಾಲೀ, ಮರಿ ಆಗಿದೆ ಕಣೆ! ಕರ್ರಗೆ, ಮೈಯೆಲ್ಲ ಬಿಳಿ ದಾರ ಅಂಟಿಸಿದ ಹಾಗಿದೆ," ಎಂದು ಆಚೆಯಿಂದ ದನಿ ಬಂತು. "ಈಗ ಅಪ್ಪ ಬರ್ತಿದೆ ನೋಡು, ಬಾಯಲ್ಲಿ ಓತಿಕ್ಯಾತ ಇದೆ," ಎಂದು ಈಚೆಯಿಂದ ಚಿಕ್ಕಮ್ಮ. ಅವರಿಗೆ ಕಾಣದ್ದು ಇವಳು ಹೇಳುವುದು, ಇವಳಿಗೆ ಕಾಣದ್ದು ಅವರು ಹೇಳುವುದು. ಹಕ್ಕಿಯಿಂದ ಮಾತು ಬೇರೆ ಕಡೆಗೆ ಹೊರಳಿತು. ಸತ್ತವರ ಸುದ್ದಿ, ಇದ್ದವರ ಸುದ್ದಿ, ತಿನ್ನದೆ ಬಿಟ್ಟ ಊಟಗಳು, ನಗದೆ ನುಂಗಿದ ನಗುಗಳು. ಮುಖ ಕಾಣದಿದ್ದರೆ ಎಂಥ ಮಾತನ್ನೂ ಆಡಬಹುದಲ್ಲ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಬೀದಿಯ ತುದಿಗೇ ಒಂದು ನಗು ಕೇಳಿಸಿತು. ಕೆರೆ ಏರಿಯವರೆಗೆ ಕೇಳಿಸಿರಲಾರದು, ಆದರೆ ಬೀದಿಯ ತುದಿಯವರೆಗಂತೂ ಕೇಳಿಸಿತು. ಆ ದಿನಗಳನ್ನು ನೆನೆದರೆ ಈಗಲೂ ನನ್ನ ಎದೆ ತುಂಬಿ ಬರುತ್ತದೆ. ಅಷ್ಟು ಸಂತೋಷವಾಗಿ ಚಿಕ್ಕಮ್ಮ ಇದ್ದದ್ದನ್ನು ನಾನು ಆಮೇಲೂ ನೋಡಿದ್ದೇನೆ, ಅದಕ್ಕೆ ಮೊದಲು ನೋಡಿರಲಿಲ್ಲ.

ಮಳೆ ಹಿಂದೆ ಸರಿಯುತ್ತಿದ್ದ ಹಾಗೆ ಮರಿಗಳು ಗೂಡಿನಿಂದ ಇಳಿದವು. ಕೆಲವು ದಿನ ಪೊದೆಯಲ್ಲೇ ಮುಗ್ಗರಿಸುತ್ತ ಓಡಾಡಿದವು. ಒಂದು ಸಂಜೆ ತಾಯಿ ಮುಂದೆ, ಮರಿಗಳು ನಡುವೆ, ಗಂಡು ಹಿಂದೆ, ಸಾಲಾಗಿ ಸೌದೆ ರಾಶಿಯ ಮಗ್ಗುಲಿನಿಂದ ಕೆರೆಯ ಜೊಂಡಿನ ಕಡೆಗೆ ಹೋದವು. ಮತ್ತೆ ಬರಲಿಲ್ಲ. ಜುಲೇಖಾಬಿ ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗ ಓಂಕಾರಪ್ಪ ಆಡಬಾರದ ಮಾತನ್ನು ಆಡಿದರು. "ಹಕ್ಕಿ ಹೋದ ಮೇಲೆ ಇನ್ನು ಅದು ಬರೀ ಬೇಲಿ ತಾನೆ?"

ಎಲ್ಲರಿಗೂ ಅದು ಗೊತ್ತಿತ್ತು. ಬೆಳಗಾದರೆ ಪೊದೆ ಮಲಗುತ್ತದೆ, ಎದುರಿನ ಬಾಗಿಲು ಮುಚ್ಚುತ್ತದೆ, ಸರ್ವಮಂಗಳಮ್ಮನ ಟ್ರಂಕು ಬಸ್‌ಸ್ಟ್ಯಾಂಡಿಗೆ ಹೋಗುತ್ತದೆ. ನನಗೆ ತಡೆಯಲಾಗಲಿಲ್ಲ. "ಒಳಗೆ ಒಂದಿಷ್ಟು ಕಾಳು ಹಾಕೋಣ ಚಿಕ್ಕಮ್ಮ. ಗುಬ್ಬಿನೋ ಏನೋ ಬಂದು ಕೂತ್ಕೊಳ್ಳುತ್ತೆ. ನಿಂತರೂ ನಿಲ್ಲಬಹುದು," ಎಂದೆ.

"ಬೇಡ ವಿಶಾಲಿ. ಗಿಡದ ಕೈಲಿ ಸುಳ್ಳು ಹೇಳಿಸೋಕಾಗಲ್ಲ ಅಂತ ಎರಡು ಸಲ ಕಲಿತಿದೀನಿ," ಎಂದಳು. ಪೊದೆಯ ಹತ್ತಿರ ಹೋಗಿ ನಿಂತು, ಎಲೆಗಳಿಗೆ ಬಾಯಿ ಹತ್ತಿರ ಇಟ್ಟು ಹೇಳಿದಳು. "ಸರ್ವೀ, ಹಕ್ಕಿ ಹೋಯ್ತು."

"ಹೂಂ. ನೋಡ್ದೆ."

"ಬೆಳಿಗ್ಗೆ ಇದು ಇರಲ್ಲ."

"ಗೊತ್ತು," ಎಂದಿತು ಆಚೆಯ ದನಿ. ಬಾಗಿಲು ಹಾಕಿಕೊಂಡ ಸದ್ದು ಬಂತು. ಇರುತ್ತೀಯೋ ಹೊರಡುತ್ತೀಯೋ ಎಂದು ಕೇಳಬೇಕಾದ ದಿನವೂ ಹತ್ತಿರ ಬಂದಿತ್ತು. ಚಿಕ್ಕಮ್ಮನಿಗೆ ಕೇಳುವ ಧೈರ್ಯವಾಗಲಿಲ್ಲ. ಅವಳು ಆ ರಾತ್ರಿ ಊಟ ಮಾಡಲಿಲ್ಲ. ನಾನು ಒತ್ತಾಯಿಸಲೂ ಇಲ್ಲ.

ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಪೊದೆ ಮಲಗಿತ್ತು. ತೊಂಡೆ, ಹಾಗಲ, ನುಗ್ಗೆ, ಮುಳ್ಳು, ನಡುವೆ ಚೆಂಡಿನಂತಹ ಗೂಡು, ಎಲ್ಲವೂ ಒಂದು ಕಡೆಗೆ ವಾಲಿ ನೆಲಕ್ಕೆ ಹತ್ತಿಕೊಂಡಿದ್ದವು. ಎಷ್ಟೋ ದಿನಗಳ ಮೇಲೆ ಆ ಕಡೆಯ ಬೆಳಕು ಸೀದಾ ನಮ್ಮ ಅಡುಗೆಮನೆಯವರೆಗೆ ಬಂದಿತ್ತು. ಎದುರಿನ ಬಾಗಿಲು ತೆರೆದಿತ್ತು. ಸರ್ವಮಂಗಳಮ್ಮ ಕಾಫಿ ಲೋಟ ಹಿಡಿದು ಹೊಸಿಲು ದಾಟಿ ಬಂದವರು, ಮರೆ ಇಲ್ಲದ್ದನ್ನು ಕಂಡು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತಿದ್ದರು.

ಚಿಕ್ಕಮ್ಮ ನನ್ನ ಹಿಂದೆಯೇ ಬಂದಳು. ಅವರನ್ನು ನೋಡಿದಳು. ಒಂದೇ ಒಂದು ಗಳಿಗೆ ನೋಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ನಮ್ಮ ಮೆಟ್ಟಿಲ ಮೇಲೆ ತಿರುಗಿ ಕುಳಿತಳು. ಎದುರಿಗೆ ಬೆನ್ನು ಹಾಕಿ, ನಮ್ಮ ಬಾಗಿಲಿಗೆ ಮುಖ ಮಾಡಿ, ಮಡಿಲಲ್ಲಿ ಎರಡೂ ಕೈ ಜೋಡಿಸಿಕೊಂಡು ಕುಳಿತಳು. ಯಾವ ಮುಖವನ್ನು ನೋಡಲು ಅಷ್ಟು ವರ್ಷ ನೆಲ ಬೋಳಿಸಿದ್ದಳೋ ಆ ಮುಖ ಅವಳ ಬೆನ್ನ ಹಿಂದಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ; ಒರೆಸಿದರೆ ಹಿಂದಿನಿಂದ ಗೊತ್ತಾಗುತ್ತದೆಂದು ಇರಬೇಕು. ಜುಲೇಖಾಬಿ ಇದನ್ನು ನೋಡಿದವರೇ ತಾವೂ ಶಾವಿಗೆಯ ಹಲಗೆಯ ಕಡೆ ತಿರುಗಿಕೊಂಡರು. ಓಂಕಾರಪ್ಪ ತೆಂಗಿನ ತುದಿಯನ್ನು ನೋಡತೊಡಗಿದರು. ನಾನೂ ತಲೆ ತಗ್ಗಿಸಿದೆ. ಹಿತ್ತಿಲಿನಲ್ಲಿ ಒಬ್ಬರೂ ಆ ಮೆಟ್ಟಿಲ ಕಡೆ ನೋಡುತ್ತಿರಲಿಲ್ಲ.

ಲೋಟ ಕಲ್ಲಿನ ಮೇಲೆ ಇಟ್ಟ ಸದ್ದಾಯಿತು. ಊದಿ ಕುಡಿದ ಸದ್ದು. ಮತ್ತೆ ಊದಿದ ಸದ್ದು. ಅವರು ಅವಸರ ಮಾಡಲಿಲ್ಲ, ಕೊನೆಯ ಗುಟುಕಿನವರೆಗೂ ಕುಳಿತು ಕುಡಿದರು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಒಳಗೆ ಹೋದರೇನೋ ಎಂದು ನಾನು ಅಂದುಕೊಂಡೆ. ಚಿಕ್ಕಮ್ಮನೂ ಹಾಗೆಯೇ ಅಂದುಕೊಂಡಿರಬೇಕು, ಅವಳ ಭುಜ ಕುಸಿಯಿತು.

"ಹಾಲೀ," ಎಂದರು ಸರ್ವಮಂಗಳಮ್ಮ.

ಚಿಕ್ಕಮ್ಮ ಅಲುಗಲಿಲ್ಲ. "ಏನೇ?" ಎಂದಳು, ನಮ್ಮ ಬಾಗಿಲಿಗೆ.

"ನೀನು ಹಿಂಗೆ ಬೆನ್ನು ತೋರಿಸ್ಕೊಂಡು ಕೂತ್ರೆ ನಾನು ಯಾರ ಜೊತೆ ಮಾತಾಡ್ಲಿ? ಆ ಓಂಕಾರಪ್ಪನ ಜೊತೆನಾ? ತಿರುಗೇ ಈ ಕಡೆ."